ಇಗರ್ಜಿಯ ಮೊಗಸಾಲೆಯಲ್ಲಿ ನಿಲ್ಲುವವರು

ಚರ್ಚ್ (ಕರಾವಳಿಯ ಮಾತಿನಲ್ಲಿ ಇಗರ್ಜಿ) ನವೀಕರಣದ ನಕ್ಷೆಗಳಲ್ಲಿ ಈಚೆಗೆ ಒಂದು ಬದಲಾವಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಮುಂಬಾಗಿಲ ಗೋಡೆ ಇದ್ದಲ್ಲಿ ಚುಕ್ಕಿಗೆರೆ: ಅದು ಒಡೆಯಬೇಕಾದದ್ದು. ಅದರ ಮುಂದಿನ ಕಮಾನುಗಳ ನಡುವೆ ಹೊಸ ದಪ್ಪಗೆರೆ: ಅಲ್ಲಿಗೆ ಗಾಜಿನ ಬಾಗಿಲು. ಹತ್ತು ಅಡಿ ಆಳದ ಮುಖಮಂಟಪ ಹೀಗೆ ಒಳಗೆ ಸೇರಿಕೊಳ್ಳುತ್ತದೆ. ಒಂದು ಬೆಂಚಿಗೆ ಮೂರು ಅಡಿಯಂತೆ ಎರಡೂ ಬದಿಗೆ ಮೂರು ಮೂರು ಸಾಲು, ಸಾಲಿಗೆ ಐದಾರು ಜನ, ಒಟ್ಟು ಮೂವತ್ತು ಮೂವತ್ತೈದು ಮಂದಿಗೆ ಹೊಸದಾಗಿ ಕೂರುವ ಜಾಗ ಸಿಗುತ್ತದೆ. ಜನ ಹೆಚ್ಚಿದ್ದಾರೆ, ಜಾಗ ಸಾಲದು, ಆ ಮಂಟಪ ಸುಮ್ಮನೆ ಖಾಲಿ ಬಿದ್ದಿದೆ ಎಂಬ ಮಾತಿಗೆ ಸಭೆಯಲ್ಲಿ ಯಾರೂ ಎದುರಾಡುವುದಿಲ್ಲ. ಕೆಲಸ ಮುಗಿದು ಮೊದಲ ಜೂನ್ ಬಂದಾಗ, ಅಥವಾ ಮೊದಲ ಶವಸಂಸ್ಕಾರದ ದಿನ, ಏನೋ ತಪ್ಪಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಏನು ತಪ್ಪಿತು ಎಂದು ಹೇಳಲು ಮಾತ್ರ ಯಾರಿಗೂ ಆಗುವುದಿಲ್ಲ.

ಆ ಜಾಗ ಖಾಲಿ ಇರಲಿಲ್ಲ ಎನ್ನುವುದನ್ನೇ ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ. ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಅದಕ್ಕೆ ನಾರ್ಥೆಕ್ಸ್ ಎಂಬ ಗ್ರೀಕ್ ಹೆಸರಿದೆ. ಆ ಪದಕ್ಕೆ ಸೋಂಪಿನ ಜಾತಿಯ, ಆಳೆತ್ತರ ಬೆಳೆಯುವ ಒಂದು ಗಿಡ ಎಂದು ಅರ್ಥ. ಅದರ ದಂಟಿನ ಹಾಗೆ ಉದ್ದಕ್ಕೆ, ಸಪೂರವಾಗಿ ಇರುವ ಕೋಣೆಗೆ ಅದೇ ಹೆಸರು ಬಂತು. ನಮ್ಮಲ್ಲಿ ಹಳೆಯ ಮನೆಗಳ ಮೊಗಸಾಲೆ ಹೆಚ್ಚುಕಡಿಮೆ ಇದೇ ಆಕಾರದ್ದು, ಇದೇ ಕೆಲಸದ್ದು. ಬಂದವರು ನೇರ ನಡುಮನೆಗೆ ನುಗ್ಗುವುದಿಲ್ಲ, ಬಂದವರನ್ನು ಅಂಗಳದಲ್ಲೂ ನಿಲ್ಲಿಸುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಮೊಗಸಾಲೆ ಎಂದೇ ಕರೆಯುತ್ತೇನೆ.

ಅಳುವವರು, ಕೇಳುವವರು, ಬೀಳುವವರು, ನಿಲ್ಲುವವರು

ದೇವಸ್ಥಾನದ ಮುಖಮಂಟಪವನ್ನು ನೆನೆದು ಇದನ್ನೂ ಅಂಥದ್ದೇ ಎಂದುಕೊಳ್ಳುವುದು ಸಹಜ. ಒಂದು ವ್ಯತ್ಯಾಸ ದೊಡ್ಡದು. ನಮ್ಮ ಗರ್ಭಗುಡಿ ಅರ್ಚಕರಿಗಷ್ಟೇ. ಭಕ್ತರು ನಿಲ್ಲುವುದೇ ಮಂಟಪದಲ್ಲಿ. ಚರ್ಚ್ ಹುಟ್ಟಿದ್ದು ಎಲ್ಲರೂ ಒಳಗೆ ಸೇರಿ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಕೂಟವಾಗಿ. ಒಳಗಿರುವವರೆಲ್ಲ ಆ ಪಂಕ್ತಿಯವರು. ಹಾಗಾದರೆ ಪಂಕ್ತಿಗೆ ಇನ್ನೂ ಸೇರದವರು, ಪಂಕ್ತಿಯಿಂದ ಎದ್ದುಹೋದವರು ಎಲ್ಲಿ ನಿಲ್ಲಬೇಕು? ಆ ಪ್ರಶ್ನೆಗೆ ಕಟ್ಟಿದ ಉತ್ತರವೇ ಮೊಗಸಾಲೆ.

ಇನ್ನೂ ಸೇರದವರು ದೀಕ್ಷಾರ್ಥಿಗಳು. ಮೊದಲ ಶತಮಾನಗಳಲ್ಲಿ ಕ್ರೈಸ್ತರಾಗಲು ದೀಕ್ಷಾಸ್ನಾನ ಪಡೆಯುವವರಲ್ಲಿ ದೊಡ್ಡವರೇ ಬಹಳ. ಅದಕ್ಕೆ ವರ್ಷಗಟ್ಟಲೆ ಸಿದ್ಧತೆ ಬೇಕಿತ್ತು. ವಾಚನ, ಪ್ರಬೋಧನೆ ಮುಗಿಯುವವರೆಗೆ ಅವರು ಕೇಳಬಹುದು. ಆಮೇಲೆ "ದೀಕ್ಷಾರ್ಥಿಗಳೇ, ಹೊರಡಿರಿ" ಎಂದು ಸೇವಕ ಕೂಗಿ ಹೇಳುತ್ತಿದ್ದ. ಪೂರ್ವದ ಆರ್ಥೊಡಾಕ್ಸ್ ಆರಾಧನೆಯಲ್ಲಿ ಈ ಮಾತು ಇವತ್ತಿಗೂ ಉಳಿದಿದೆ. ಸ್ವಲ್ಪ ಹೊತ್ತಿನ ನಂತರ, ವಿಶ್ವಾಸ ಪ್ರಮಾಣಕ್ಕೆ ಮುಂಚೆ, "ಬಾಗಿಲು, ಬಾಗಿಲು!" ಎಂಬ ಕೂಗೂ ಉಳಿದಿದೆ. ಅದು ಬಾಗಿಲು ಕಾಯುವವರಿಗೆ ಕೊಡುತ್ತಿದ್ದ ಸೂಚನೆ. ಮುಚ್ಚಲು ಒಂದು ಬಾಗಿಲು, ಅದರಾಚೆ ನಿಲ್ಲಲು ಒಂದು ಸೂರು ಎರಡೂ ಇದ್ದ ಕಟ್ಟಡದಲ್ಲಿ ಮಾತ್ರ ಹುಟ್ಟಬಹುದಾದ ಮಾತು ಅದು.

ಎದ್ದುಹೋದವರ ಲೆಕ್ಕ ಇನ್ನೂ ಸೂಕ್ಷ್ಮ. ಘೋರ ತಪ್ಪು ಮಾಡಿ ಪ್ರಾಯಶ್ಚಿತ್ತದಲ್ಲಿ ಇರುವವರಿಗೆ ಏಷ್ಯಾ ಮೈನರ್‌ನ ಚರ್ಚುಗಳಲ್ಲಿ ನಾಲ್ಕು ಮೆಟ್ಟಿಲುಗಳಿದ್ದವು. ಅಳುವವರು ಹೊರಬಾಗಿಲ ಆಚೆ, ಬಯಲಲ್ಲಿ ನಿಂತು ಒಳಹೋಗುವವರನ್ನು ತಮಗಾಗಿ ಪ್ರಾರ್ಥಿಸಲು ಬೇಡಿಕೊಳ್ಳುವವರು. ಕೇಳುವವರು ಮೊಗಸಾಲೆಯಲ್ಲಿ ನಿಂತು ವಾಚನ ಕೇಳಿ ಹೊರಡುವವರು. ಬೀಳುವವರು ಒಳಗೆ, ಬಾಗಿಲ ಹತ್ತಿರ, ಮಂಡಿಯೂರಿ ಸಾಷ್ಟಾಂಗ ಬೀಳುವವರು. ನಿಲ್ಲುವವರು ಎಲ್ಲರ ಜೊತೆ ಕೊನೆವರೆಗೂ ನಿಂತಿದ್ದು ಪ್ರಸಾದ ಮಾತ್ರ ಪಡೆಯದವರು. 325ರಲ್ಲಿ ಬಿಷಪರು ಸೇರಿದ ನಿಕಾಯ ಮಹಾಸಭೆಯ ಹನ್ನೊಂದನೆಯ ನಿಯಮ ಈ ಮೆಟ್ಟಿಲುಗಳಿಗೆ ವರ್ಷ ಕಟ್ಟಿ ಹೇಳುತ್ತದೆ. ಲಿಸಿನಿಯಸ್ ಎಂಬ ಅರಸನ ಕಾಲದ ಹಿಂಸೆಯಲ್ಲಿ ಯಾವ ಬಲವಂತವೂ ಇಲ್ಲದೆ ನಂಬಿಕೆ ಬಿಟ್ಟುಕೊಟ್ಟವರು 3 ವರ್ಷ ಕೇಳುವವರಾಗಿ, 7 ವರ್ಷ ಬೀಳುವವರಾಗಿ, 2 ವರ್ಷ ಪ್ರಾರ್ಥನೆಯಲ್ಲಷ್ಟೇ ಕೂಡುವವರಾಗಿ ಇರಬೇಕು. ಹನ್ನೆರಡು ವರ್ಷದಲ್ಲಿ ಆ ಮನುಷ್ಯ ನಡೆದ ದೂರ ನಲವತ್ತೋ ಐವತ್ತೋ ಅಡಿ. ಅದರಲ್ಲಿ ಮೂರು ವರ್ಷ ಪೂರ್ತಿ ಮೊಗಸಾಲೆಯಲ್ಲೇ.

ಇದನ್ನು ಕ್ರೂರ ಎನ್ನುವವರಿದ್ದಾರೆ. ನನಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಹೊರಗೆ ಹಾಕಿ ಬಾಗಿಲು ಹಾಕಿಕೊಳ್ಳುವುದು ಸುಲಭ, ಅದಕ್ಕೆ ಕಟ್ಟಡ ಬೇಕಿಲ್ಲ. ತಪ್ಪಿದವರಿಗೂ ಮಳೆ ಬೀಳದ, ಮಾತು ಕೇಳಿಸುವ ಒಂದು ಜಾಗವನ್ನು ಕಲ್ಲಿನಲ್ಲಿ ಕಟ್ಟಿ, ಅಲ್ಲಿಂದ ಒಳಗೆ ದಾರಿ ಇಟ್ಟದ್ದು ಸಣ್ಣ ಕೆಲಸವಲ್ಲ.

ಚಕ್ರವರ್ತಿ ನಿಂತ ಜಾಗ

ಮೊಗಸಾಲೆಯ ಗಾತ್ರ ಎಷ್ಟು ಮುಟ್ಟಬಹುದು ಎನ್ನುವುದಕ್ಕೆ ಕಾನ್‌ಸ್ಟಾಂಟಿನೋಪಲ್‌ನ, ಇಂದಿನ ಇಸ್ತಾಂಬುಲ್‌ನ, ಹಾಗಿಯಾ ಸೋಫಿಯಾ ನೋಡಬೇಕು. ಚಕ್ರವರ್ತಿ ಜಸ್ಟಿನಿಯನ್ 532ರಲ್ಲಿ ಚರ್ಚಾಗಿ ಶುರು ಮಾಡಿಸಿ 537ರಲ್ಲಿ ಮುಗಿಸಿದ ಕಟ್ಟಡ. ಟ್ರಾಲೆಸ್‌ನ ಆಂಥೆಮಿಯಸ್, ಮಿಲೆಟಸ್‌ನ ಇಸಿಡೋರ್ ಅದರ ನಕ್ಷೆ ಮಾಡಿದವರು. ಅಲ್ಲಿ ಒಂದಲ್ಲ, ಎರಡು ಮೊಗಸಾಲೆಗಳಿವೆ, ಒಂದರ ಹಿಂದೆ ಒಂದು. ಹೊರಗಿನದು ಸಾದಾ. ಅಲ್ಲಿಂದ ಐದು ಬಾಗಿಲು ದಾಟಿದರೆ ಒಳಗಿನದು: ಸುಮಾರು 60 ಮೀಟರ್ ಉದ್ದ, 6 ಮೀಟರ್ ಅಗಲ, ಗೋಡೆಗೆ ಬಣ್ಣಬಣ್ಣದ ಅಮೃತಶಿಲೆಯ ಹಲಗೆ, ಮೇಲೆ ಚಿನ್ನದ ಮೊಸಾಯಿಕ್ ಹೊದ್ದ ಕಮಾನು ಛಾವಣಿ. ಅಲ್ಲಿಂದ ಒಳಗೆ ಒಂಬತ್ತು ಬಾಗಿಲು. ನಡುವಿನದು ಎಲ್ಲಕ್ಕಿಂತ ಎತ್ತರ, ಚಕ್ರವರ್ತಿಯ ಬಾಗಿಲು.

ಅಗಲಕ್ಕೆ ಹತ್ತುಪಟ್ಟು ಉದ್ದ ಎನ್ನುವ ಈ ಪ್ರಮಾಣವನ್ನು ಸ್ವಲ್ಪ ಗಮನಿಸಿ. ಒಳಗೆ ಬಂದವರ ಕಣ್ಣು ಎಡಬಲಕ್ಕೆ ಹರಿಯುತ್ತದೆ, ಮುಂದಕ್ಕಲ್ಲ. ನಡೆಯುವ ದಿಕ್ಕಿಗೆ ಅಡ್ಡವಾಗಿ ಕೋಣೆ ಮಲಗಿರುವುದರಿಂದ ಕಾಲು ತಾನಾಗಿ ನಿಧಾನವಾಗುತ್ತದೆ, ಜನ ಒಂಬತ್ತು ಬಾಗಿಲಿಗೆ ಹರಡಿಕೊಳ್ಳುತ್ತಾರೆ. ಮೆರವಣಿಗೆ ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ಆಕಾರವಿಲ್ಲ. ಚಕ್ರವರ್ತಿ ಇಲ್ಲಿಯೇ, ಪರದೆಯ ಹಿಂದೆ, ಕಿರೀಟ ತೆಗೆದಿಟ್ಟು, ಧರ್ಮಪಿತರನ್ನು, ಅಂದರೆ ಅಲ್ಲಿಯ ಚರ್ಚಿನ ಮುಖ್ಯಗುರುವನ್ನು, ಎದುರುಗೊಂಡು, ಇಬ್ಬರೂ ಕೂಡಿ ನಡುಬಾಗಿಲಲ್ಲಿ ಒಳಗೆ ಹೋಗುತ್ತಿದ್ದರು.

ಆ ಬಾಗಿಲ ಮೇಲೆ ಒಂದು ಮೊಸಾಯಿಕ್ ಇದೆ. ಸಿಂಹಾಸನದಲ್ಲಿ ಕ್ರಿಸ್ತ, ಕಾಲ ಬಳಿ ಅಡ್ಡಬಿದ್ದ ಒಬ್ಬ ಚಕ್ರವರ್ತಿ. ಗಡ್ಡದ ಮುಖ, ತಲೆಗೆ ಪ್ರಭಾವಳಿ, ಬೇಡುವಂತೆ ಮುಂದೆ ಚಾಚಿದ ಎರಡು ಕೈ, ಬಾಗಿದ ಬೆನ್ನು. ಹೆಸರು ಬರೆದಿಲ್ಲ. ಅದು ಆರನೆಯ ಲಿಯೋ ಎಂಬುದು ಬಹುಪಾಲು ವಿದ್ವಾಂಸರ ಮಾತು. ತನಗೆ ಹುಟ್ಟಿದ್ದ ಗಂಡುಮಗುವನ್ನು ನ್ಯಾಯಬದ್ಧ ಉತ್ತರಾಧಿಕಾರಿಯಾಗಿಸಲು ಲಿಯೋ ನಾಲ್ಕನೆಯ ಮದುವೆಯಾದ. ಪೂರ್ವದ ಚರ್ಚಿನಲ್ಲಿ ಅದಕ್ಕೆ ಅವಕಾಶವೇ ಇಲ್ಲ. 906ರ ಕ್ರಿಸ್ಮಸ್ಸಿಗೆ, ಮತ್ತೆ 907ರ ಜನವರಿಯ ದೈವದರ್ಶನ ಹಬ್ಬಕ್ಕೆ ಬಂದಾಗ ಧರ್ಮಪಿತ ನಿಕೊಲಾಸ್ ಅವನನ್ನು ಇದೇ ಬಾಗಿಲಲ್ಲಿ ತಡೆದು ನಿಲ್ಲಿಸಿದ. ಸೇನೆ, ಖಜಾನೆ, ಕಾನೂನು ಎಲ್ಲ ಕೈಯಲ್ಲಿದ್ದ ಮನುಷ್ಯ ಮೊಗಸಾಲೆಯಿಂದಲೇ ಹಿಂದಿರುಗಿದ. ಆ ಮೇಲೆ ಧರ್ಮಪಿತನೇ ಪದವಿ ಕಳೆದುಕೊಂಡ ಎನ್ನುವುದೂ ನಿಜ. ಆದರೆ ಚಿತ್ರ ಉಳಿದಿದೆ, ಅದು ಇರುವ ಜಾಗವೂ ಉಳಿದಿದೆ: ಅಡ್ಡಬಿದ್ದ ಚಕ್ರವರ್ತಿಯ ಚಿತ್ರವನ್ನು ಒಳಗಿನ ಗೋಡೆಯಲ್ಲಿ ಎಲ್ಲಿ ಬೇಕಾದರೂ ಹಾಕಬಹುದಿತ್ತು, ಹಾಕಿದ್ದು ಮೊಗಸಾಲೆಯಲ್ಲಿ, ಬಾಗಿಲ ನೆತ್ತಿಯ ಮೇಲೆ. ನಮ್ಮ ಬಾಗಿಲವಾಡದ ನಡುವೆ ಲಲಾಟಬಿಂಬ ಕೂರುವಲ್ಲಿ.

ಜನ ಹುಟ್ಟುಕ್ರೈಸ್ತರಾಗುತ್ತ ಬಂದಂತೆ ದೀಕ್ಷಾರ್ಥಿಗಳು ಇಲ್ಲವಾದರು, ಬಹಿರಂಗ ಪ್ರಾಯಶ್ಚಿತ್ತವೂ ಮರೆಯಾಯಿತು. ಯಾರಿಗಾಗಿ ಕಟ್ಟಿದ್ದರೋ ಅವರೇ ಹೋದ ಮೇಲೂ ಕೋಣೆಯನ್ನು ಯಾರೂ ಕೆಡವಲಿಲ್ಲ. ಪೂರ್ವದ ಮಠಗಳಲ್ಲಿ ಜಾಗರಣೆಯ ರಾತ್ರಿ ಸನ್ಯಾಸಿಗಳು ಮೆರವಣಿಗೆಯಲ್ಲಿ ಮೊಗಸಾಲೆಗೆ ಬಂದು ಪ್ರಾರ್ಥಿಸುತ್ತಾರೆ. ಮಗುವಿನ ದೀಕ್ಷಾಸ್ನಾನಕ್ಕೆ ಮುಂಚಿನ ದುಷ್ಟಶಕ್ತಿಯ ನಿರಾಕರಣೆ, ಪಶ್ಚಿಮಕ್ಕೆ ಮುಖಮಾಡಿ, ಇಲ್ಲಿಯೇ ನಡೆಯಬೇಕು.

ನಾಯಿತಲೆಯ ಜನ ಮತ್ತು ಕಪ್ಪುಕಲ್ಲಿನ ಗೆರೆ

ಫ್ರಾನ್ಸಿನ ವೆಜಲೇ ಗುಡ್ಡದ ಮೇಲಿನ ಮಗ್ದಲೇನಳ ಚರ್ಚಿನಲ್ಲಿ ಮೊಗಸಾಲೆಯ ಇನ್ನೊಂದು ಉಪಯೋಗ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಒಳಬಾಗಿಲ ಮೇಲೆ 1120–30ರ ಸುಮಾರಿನ ಒಂದು ದೊಡ್ಡ ಅರ್ಧಚಂದ್ರಾಕಾರದ ಶಿಲ್ಪಫಲಕವಿದೆ. ನಡುವೆ ಕ್ರಿಸ್ತ, ಅವನ ಬೆರಳುಗಳಿಂದ ಹೊರಟ ಕಿರಣಗಳು ಪ್ರೇಷಿತರ, ಅಂದರೆ ಅವನ ಆಪ್ತ ಶಿಷ್ಯರ, ತಲೆ ಮುಟ್ಟುತ್ತಿವೆ: ಹೋಗಿ ಎಲ್ಲ ಜನರಿಗೂ ತಿಳಿಸಿ ಎಂಬ ಕ್ಷಣ. ಆ 'ಎಲ್ಲ ಜನ' ಯಾರು ಎನ್ನುವುದನ್ನು ಸುತ್ತಲಿನ ಅಂಕಣಗಳಲ್ಲಿ, ಕೆಳಗಿನ ಪಟ್ಟಿಯಲ್ಲಿ ಕೆತ್ತಿದ್ದಾರೆ. ಮೊರದಷ್ಟಗಲ ಕಿವಿಯ ಒಂದು ಸಂಸಾರ. ಕುದುರೆ ಏರಲು ಏಣಿ ಹಾಕಿಕೊಂಡ ಕುಳ್ಳ. ನಾಯಿತಲೆಯ ಮನುಷ್ಯರು. ಈ ನಾಯಿತಲೆಯವರು ಇಂಡಿಯಾದ ಬೆಟ್ಟಗಳಲ್ಲಿ ಇದ್ದಾರೆಂದು ಕ್ಟೇಸಿಯಸ್‌ನಂಥ ಹಳೆಯ ಗ್ರೀಕರು ಬರೆದಿದ್ದರು. ಲೋಕದ ಅಂಚಿನವರು ಎಂದು ಅವರು ಊಹಿಸಿಕೊಂಡವರ ಸಾಲಿನಲ್ಲಿ ನಮ್ಮ ಕಡೆಯವರೂ ಇದ್ದೇವೆ, ಬಾಗಿಲ ಮೇಲೆ, ಕರೆಗಾಗಿ ಕಾಯುತ್ತ.

ಈ ಶಿಲ್ಪ ಇಂದಿಗೂ ಚೂಪಾಗಿ ಉಳಿದಿರುವುದಕ್ಕೆ ಕಾರಣ ಮೊಗಸಾಲೆ. ಶಿಲ್ಪ ಕೆತ್ತಿದ ಕೆಲವೇ ದಶಕಗಳಲ್ಲಿ ಅದರ ಮುಂದೆ ಮೂರು ಅಂಕಣದ ಮೊಗಸಾಲೆ ಎದ್ದು, ಹೊರಗಿನ ಮುಖವಾಗಿದ್ದದ್ದು ಒಳಗಾಯಿತು. ಮಳೆ, ಹಿಮ, ಗಾಳಿ ಯಾವುದೂ ತಾಕಲಿಲ್ಲ. ಅದೇ ಚರ್ಚಿನ ಹೊರಮುಖದ ಮೇಲಿದ್ದ ಫಲಕ ಹಾಳಾಗಿ, ಈಗ ಅಲ್ಲಿರುವುದು ವಿಯೊಲೆ-ಲ್ಯ-ದ್ಯುಕ್ ಜೀರ್ಣೋದ್ಧಾರದ ಕಾಲದ, ಹತ್ತೊಂಬತ್ತನೆಯ ಶತಮಾನದ ಕೆತ್ತನೆ. ಇಪ್ಪತ್ತು ಮೀಟರ್ ಅಂತರದಲ್ಲಿ ಎರಡನ್ನೂ ನೋಡಿ ಹೋಲಿಸಬಹುದು.

ಇಂಗ್ಲೆಂಡಿನ ಡರ್ಹಾಮ್ ಮಹಾದೇವಾಲಯದಲ್ಲಿ ಕಥೆ ಬೇರೆ. ಅಲ್ಲಿ 1170ರ ದಶಕದಲ್ಲಿ ಬಿಷಪ್ ಹ್ಯೂ ಮರಿಯಮ್ಮನವರ ಚಾಪೆಲನ್ನು ಪೂರ್ವದ ತುದಿಯಲ್ಲಿ ಕಟ್ಟಿಸಲು ಹೊರಟ. ತಳ ಕುಸಿದು ಗೋಡೆ ಬಿರುಕುಬಿಟ್ಟವು. ಸಂತ ಕತ್‌ಬರ್ಟ್‌ನ ಸಮಾಧಿಯ ಹತ್ತಿರ ಹೆಂಗಸರು ಬರುವುದು ಸಂತನಿಗೆ ಇಷ್ಟವಿಲ್ಲ ಎಂದು ಮಠದವರು ವ್ಯಾಖ್ಯಾನಿಸಿದರು. ಚಾಪೆಲ್ ಪಶ್ಚಿಮದ ತುದಿಗೆ, ಮುಂಬಾಗಿಲಿಗೆ ಹೋಯಿತು. ಅದಕ್ಕೆ ಗಲಿಲಾಯ ಎಂದು ಹೆಸರು. ಸಪೂರ ಕಂಬಗಳ ಐದು ಸಾಲು ಓಣಿ, ಅಂಕುಡೊಂಕು ಕೆತ್ತನೆಯ ಕಮಾನು, ಬಹಳ ಚೆಂದದ ಜಾಗ. ಆದರೆ ದೇವಾಲಯದ ಒಳಗೆ, ಪಶ್ಚಿಮದ ಕೊನೆಯಲ್ಲಿ, ನೆಲದಲ್ಲಿ ಕಪ್ಪು ಕಲ್ಲಿನ ಒಂದು ಗೆರೆ ಈಗಲೂ ಇದೆ. ಮಠದ ಕಾಲದಲ್ಲಿ ಹೆಂಗಸರು ಅದನ್ನು ದಾಟುವಂತಿರಲಿಲ್ಲ. ಮೊಗಸಾಲೆ ಒಳಗೆ ಬರುವ ದಾರಿಯಾಗಿರುವುದಕ್ಕೂ, ಇಲ್ಲಿಗೇ ನಿಲ್ಲು ಎಂಬ ಗೆರೆಯಾಗುವುದಕ್ಕೂ ಎಷ್ಟು ಕಡಿಮೆ ಅಂತರ! ನಿಕಾಯದ ನಿಯಮದಲ್ಲಿ ವರ್ಷ ಮುಗಿದರೆ ಮುಂದಿನ ಮೆಟ್ಟಿಲಿತ್ತು. ಡರ್ಹಾಮ್‌ನ ಗೆರೆಗೆ ವರ್ಷವೇ ಇರಲಿಲ್ಲ.

ಅದೇ ಡರ್ಹಾಮ್‌ನ ಉತ್ತರದ ಬಾಗಿಲಲ್ಲಿ ಸಿಂಹಮುಖದ ಕಂಚಿನ ಬಡಿಬಳೆ ಇದೆ (ಈಗ ಅಲ್ಲಿರುವುದು ಪ್ರತಿ, ಮೂಲ ಒಳಗೆ ಸಂಗ್ರಹದಲ್ಲಿದೆ). ಓಡಿಬಂದ ಅಪರಾಧಿ ಅದನ್ನು ಬಡಿದರೆ ಆಶ್ರಯ ಸಿಗುತ್ತಿತ್ತು, 37 ದಿನ. ಅಷ್ಟರಲ್ಲಿ ಅವನು ರಾಜಿಯಾಗಬೇಕು ಅಥವಾ ದೇಶ ಬಿಡಬೇಕು.

ಪಶ್ಚಿಮದ ಬಾಗಿಲು, ಪಶ್ಚಿಮದ ಮಳೆ

ಚರ್ಚಿನ ಪೀಠ ಪೂರ್ವಕ್ಕೆ, ಬಾಗಿಲು ಪಶ್ಚಿಮಕ್ಕೆ. ಇದು ಹಳೆಯ ಕ್ರಮ. ಯುರೋಪಿನಲ್ಲಿ ಅದರಿಂದ ಸಂಜೆಬಿಸಿಲು ಬಾಗಿಲ ಮೇಲೆ ಬೀಳುತ್ತದೆ, ಅಷ್ಟೆ. ಅದೇ ಕ್ರಮವನ್ನು ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಗೆ ತಂದು ಇಟ್ಟಾಗ ಇಗರ್ಜಿಯ ಮುಖ ಅರಬ್ಬೀ ಸಮುದ್ರಕ್ಕೆ ನೇರ ಎದುರಾಗುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ, ಅದೂ ನೈಋತ್ಯದಿಂದ ಗಾಳಿ ಸಮೇತ. ಕಟ್ಟಡದ ಅತ್ಯಂತ ದೊಡ್ಡ ಬಾಗಿಲು, ಅತ್ಯಂತ ಒಳ್ಳೆಯ ಮರ, ಅತ್ಯಂತ ಸೂಕ್ಷ್ಮ ಗಾರೆ ಕೆಲಸ ಎಲ್ಲ ಇರುವುದು ಆ ಒಂದೇ ಮುಖದಲ್ಲಿ. ಇಲ್ಲಿ ಮೊಗಸಾಲೆ ಅಲಂಕಾರವಲ್ಲ, ಕೊಡೆ.

ಕೊಡೆ ಎಷ್ಟು ದೊಡ್ಡದಿರಬೇಕು ಎನ್ನುವುದು ಸರಳ ಲೆಕ್ಕ. ಗಾಳಿಮಳೆ 45 ಡಿಗ್ರಿ ಓರೆಯಾಗಿ ಬಿದ್ದರೆ, ಕಮಾನಿನ ತೆರಪು ಎಷ್ಟು ಎತ್ತರವೋ ಅಷ್ಟೇ ದೂರ ನೀರು ಒಳಗೆ ಬರುತ್ತದೆ. 10 ಅಡಿ ಎತ್ತರದ ತೆರಪಿಗೆ 10 ಅಡಿ. ಗಾಳಿ ಇನ್ನೂ ಜೋರಾಗಿ ಮಳೆ ನೆಟ್ಟಗಿನ ಗೆರೆಯಿಂದ 60 ಡಿಗ್ರಿ ವಾಲಿದರೆ ಅದೇ ತೆರಪಿನಿಂದ 17 ಅಡಿಯವರೆಗೂ ನೆಲ ಒದ್ದೆ. ಆಳ ಹೆಚ್ಚಿಸುವುದು ಒಂದು ದಾರಿ. ಸೂರು ಇಳಿಸುವುದು ಇನ್ನೊಂದು, ಅದೇ ಅಗ್ಗದ್ದು. ಹಂಚಿನ ಮಾಡನ್ನು ಮುಂದಕ್ಕೆ ಎಳೆದು ಸೂರನ್ನು 7 ಅಡಿಗೆ ತಂದರೆ 45 ಡಿಗ್ರಿ ಮಳೆ 7 ಅಡಿಗೆ ನಿಲ್ಲುತ್ತದೆ, 12 ಅಡಿ ಆಳದ ಮೊಗಸಾಲೆಯಲ್ಲಿ ಬಾಗಿಲ ಬುಡದ 5 ಅಡಿ ಒಣಗಿರುತ್ತದೆ. ಫೋಟೊದಲ್ಲಿ ಮುಖ ಪೂರ್ತಿ ಕಾಣಬೇಕೆಂದು ಸೂರನ್ನು ಕತ್ತರಿಸಿ ಎತ್ತರದ ಕಾಂಕ್ರೀಟ್ ಕಮಾನು ನಿಲ್ಲಿಸಿದ ಕಡೆಗಳಲ್ಲಿ ಐದಾರು ಮಳೆಗಾಲದೊಳಗೆ ಬಾಗಿಲ ಕೆಳಪಟ್ಟಿ ಮೆತ್ತಗಾಗುತ್ತದೆ. ಕೆಟ್ಟದ್ದು ಮರ ಎನ್ನುತ್ತಾರೆ, ಬದಲಿಗೆ ಕಬ್ಬಿಣ ಹಾಕುತ್ತಾರೆ, ಉಪ್ಪುಗಾಳಿಗೆ ಅದೂ ತಿನ್ನಿಸಿಕೊಳ್ಳುತ್ತದೆ. ತಪ್ಪು ಮರದ್ದಲ್ಲ.

ಇನ್ನೊಂದು ಜಾಗ ಸೋರುವುದು ಖಚಿತ: ಮೊಗಸಾಲೆಯ ಇಳಿಜಾರು ಮಾಡು ಇಗರ್ಜಿಯ ಎತ್ತರದ ಮುಖಗೋಡೆಗೆ ಸೇರುವ ಮೂಲೆ. ಗೋಡೆಗೆ ಹೊಡೆದ ಮಳೆಯೆಲ್ಲ ಇಳಿದು ಅಲ್ಲಿಗೇ ಬರುತ್ತದೆ. ಅಲ್ಲಿ ಸಾಮಾನ್ಯವಾಗಿ ಸಿಮೆಂಟ್ ಗಾರೆಯ ಒಂದು ಪಟ್ಟಿ ಬಳಿದು ಬಿಡುತ್ತಾರೆ. ಬೇಸಿಗೆಯಲ್ಲಿ ಮಾಡಿನ ಪಕಾಸಿ, ರೀಪು ಒಣಗಿ ಅಲುಗುತ್ತವೆ, ಗೋಡೆ ಅಲುಗುವುದಿಲ್ಲ. ಪಟ್ಟಿ ಕೂದಲೆಳೆಯಷ್ಟು ಸೀಳುತ್ತದೆ. ನೀರು ಆ ಸೀಳಿನಿಂದ ಗೋಡೆಯೊಳಗೆ ಇಳಿದು ನಿಲ್ಲುವುದು ಬಾಗಿಲ ಮೇಲಿನ ಮರದ ತೊಲೆಯ ನೆತ್ತಿಯಲ್ಲಿ. ಕೆಳಗಿನಿಂದ ನೋಡಿದರೆ ತೊಲೆ ಚೆನ್ನಾಗಿಯೇ ಕಾಣುತ್ತದೆ. ಮೇಲಿನಿಂದ ಕೊಳೆಯುತ್ತಿರುತ್ತದೆ, ಹಿಂದೆಯೇ ಗೆದ್ದಲು. ಸರಿಯಾದ ಕ್ರಮ: ಗೋಡೆಯಲ್ಲಿ ಮಾಡಿನ ಮೇಲೆ ಆರು ಇಂಚು ಎತ್ತರದಲ್ಲಿ ಒಂದು ಇಂಚು ಆಳದ ಸಣ್ಣ ಕಾಲುವೆ ತೋಡಿ, ಸೀಸದ ಅಥವಾ ಅಲ್ಯೂಮಿನಿಯಮ್ ತಗಡಿನ ಅಂಚನ್ನು ಅದರೊಳಗೆ ಮಡಿಸಿ ಸಿಕ್ಕಿಸಿ ಸುಣ್ಣದ ಗಾರೆ ತುಂಬಬೇಕು; ತಗಡಿನ ಕೆಳಭಾಗ ಹಂಚಿನ ಮೇಲೆ ಆರು ಇಂಚಾದರೂ ಸಡಿಲವಾಗಿ ಮಲಗಿರಬೇಕು, ಹಂಚಿಗೆ ಅಂಟಿಸಬಾರದು. ಮಾಡು ಅಲುಗಿದರೆ ತಗಡು ಜಾರುತ್ತದೆ, ಸೀಳುವುದಿಲ್ಲ.

ಮುರಕಲ್ಲಿನ ಗೋಡೆಗೆ ಕೆಳಗಿನ ಮೂರು ಅಡಿ ಸಿಮೆಂಟ್ ಗಾರೆ ಹಾಕುವ ಅಭ್ಯಾಸವೂ ಬಿಡಬೇಕಾದದ್ದು. ಕಲ್ಲು ಹೀರಿದ ನೀರು ಹೊರಗೆ ಆರಲು ದಾರಿ ಸಿಗದೆ ಸಿಮೆಂಟಿನ ಮೇಲಂಚು ದಾಟಿ, ನಾಲ್ಕನೆಯ ಅಡಿಯಲ್ಲಿ, ಬಣ್ಣ ಎಬ್ಬಿಸಿ ಹೊರಬರುತ್ತದೆ. ಸುಣ್ಣದ ಗಾರೆ ನೀರನ್ನು ಹೀರುತ್ತದೆ, ಬಿಡುತ್ತದೆ. ನೆಲಕ್ಕೆ ಹೊರಮುಖವಾಗಿ 80ಕ್ಕೆ 1ರ ಇಳಿಜಾರು ಸಾಕು, 12 ಅಡಿಗೆ ಎರಡು ಇಂಚಿಗೂ ಕಡಿಮೆ, ಕಾಲಿಗೆ ಗೊತ್ತೇ ಆಗುವುದಿಲ್ಲ. ನೆಲದ ಕಲ್ಲು ಮಾತ್ರ ಪಾಲಿಶ್ ಮಾಡಿದ್ದು ಬೇಡ. ಒದ್ದೆ ಕೊಡೆಗಳಿಂದ ನೀರು ಸುರಿಯುವ ಜಾಗದಲ್ಲಿ ಹೊಳೆಯುವ ಗ್ರಾನೈಟ್ ಹಾಕಿದರೆ ಮುದುಕರ ಸೊಂಟ ಮುರಿಯುತ್ತದೆ. ಬೆಂಕಿ ಹಾಯಿಸಿ ಒರಟು ಮಾಡಿದ ಕಲ್ಲೇ ಸಿಗುತ್ತದೆ.

ಪೆಟ್ಟಿಗೆ ಬರುವ ದಿನ

ಮೊಗಸಾಲೆಯ ಅಳತೆಯನ್ನು ಭಾನುವಾರದ ಜನಸಂದಣಿಯಿಂದ ನಿರ್ಧರಿಸುವವರೇ ಹೆಚ್ಚು. ನಾನು ಶವಪೆಟ್ಟಿಗೆಯಿಂದ ಶುರುಮಾಡಬೇಕು ಎನ್ನುತ್ತೇನೆ. ಕಥೋಲಿಕ ಕ್ರಮದಲ್ಲಿ ಪಾರ್ಥಿವ ಶರೀರವನ್ನು ಗುರುಗಳು ಬಾಗಿಲಲ್ಲಿ ಎದುರುಗೊಂಡು ತೀರ್ಥ ಪ್ರೋಕ್ಷಿಸುತ್ತಾರೆ, ಆಮೇಲೆ ಒಳಗೆ. ಈ ನಾಲ್ಕೈದು ನಿಮಿಷ ಎಲ್ಲಿ ನಡೆಯುತ್ತದೆ ಎನ್ನುವುದು ಕಟ್ಟಡದ ಪ್ರಶ್ನೆ.

ಪೆಟ್ಟಿಗೆಯ ಉದ್ದ ಆರೂವರೆ ಅಡಿ, ಭುಜದ ಹತ್ತಿರ ಅಗಲ ಎರಡು ಅಡಿ. ಹೊರುವವರು ಆರು ಜನ, ಬದಿಗೆ ಮೂವರು. ಒಬ್ಬೊಬ್ಬರಿಗೆ ಒಂದೂವರೆ ಅಡಿ ಹಿಡಿದರೂ ಒಟ್ಟು ಅಗಲ ಐದು ಅಡಿ. ಎಡಬಲ ತಾಕದೆ ಹೋಗಲು ಐದೂವರೆ ಅಡಿ ನಿವ್ವಳ ತೆರಪು ಬೇಕು. ಬಾಗಿಲು ಆರು ಅಡಿಯದೇ ಇರುತ್ತದೆ, ಎರಡು ಹಲಗೆಯದು. ಆದರೆ ದಿನಾ ತೆರೆಯುವುದು ಒಂದೇ ಹಲಗೆ. ಇನ್ನೊಂದರ ಮೇಲಿನ, ಕೆಳಗಿನ ಟವರ್ ಬೋಲ್ಟ್ ವರ್ಷಗಟ್ಟಲೆ ಎಳೆಯದೆ ತುಕ್ಕುಹಿಡಿದು ಕೂತಿರುತ್ತದೆ. ಕೆಳಗಿನದರ ಗುಂಡಿಯಲ್ಲಿ ಮಣ್ಣು, ಮೇಣ, ಮದುವೆಯ ಅಕ್ಕಿ ತುಂಬಿ ಗಟ್ಟಿಯಾಗಿರುತ್ತದೆ. ಪೆಟ್ಟಿಗೆ ಬಂದು ನಿಂತ ಮೇಲೆ ಯಾರೋ ಕಲ್ಲು ತಂದು ಬೋಲ್ಟ್ ಬಡಿಯುತ್ತಾರೆ. ಮನೆಯವರು ನೋಡುತ್ತ ನಿಂತಿರುತ್ತಾರೆ. ಆ ಸದ್ದನ್ನು ಅವರು ಮರೆಯುವುದಿಲ್ಲ. ತಿಂಗಳಿಗೊಮ್ಮೆ ಎರಡೂ ಹಲಗೆ ಪೂರ್ತಿ ತೆರೆದು, ಬೋಲ್ಟಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಗುಂಡಿಯನ್ನು ಹಳೆಯ ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದರೆ ಸಾಕು. ಐದು ನಿಮಿಷದ ಕೆಲಸ.

ಆಳದ ಲೆಕ್ಕ ಹೀಗೆ: ಪೆಟ್ಟಿಗೆಗೆ ಆರೂವರೆ ಅಡಿ, ಮುಂದೆ ಗುರುಗಳು, ತೀರ್ಥದ ಪಾತ್ರೆ ಹಿಡಿದ ಹುಡುಗ, ಶಿಲುಬೆ ಹಿಡಿದವನು ನಿಲ್ಲಲು ಮೂರು ಅಡಿ, ಹಿಂದೆ ಮನೆಯವರಲ್ಲಿ ಹತ್ತಿರದವರಾದರೂ ನಿಲ್ಲಲು ಎರಡೂವರೆ. ಹನ್ನೆರಡು ಅಡಿ ಆಯಿತು. ಮೊಗಸಾಲೆ ಎಂಟು ಅಡಿಯದಾದರೆ ಪೆಟ್ಟಿಗೆಯ ಹಿಂಭಾಗವೂ ಹೆಂಡತಿ ಮಕ್ಕಳೂ ಮಳೆಯಲ್ಲಿ. ಮೊಗಸಾಲೆಯನ್ನೇ ಒಳಗೆ ಸೇರಿಸಿಕೊಂಡಿದ್ದರೆ ಎಲ್ಲರೂ ಮಳೆಯಲ್ಲಿ. ಇಲ್ಲವೆ ಎದುರುಗೊಳ್ಳುವ ವಿಧಿಯನ್ನೇ ಬಿಟ್ಟು ಪೆಟ್ಟಿಗೆಯನ್ನು ನೇರ ಪೀಠದ ಮುಂದೆ ತಂದಿಟ್ಟು ಅಲ್ಲಿ ಪ್ರೋಕ್ಷಿಸುತ್ತಾರೆ. ಕಣ್ಣೆದುರೇ ಆಗುವ ನಷ್ಟ ಇದು, ಆದರೆ ನಕ್ಷೆಯಲ್ಲಿ ಕಾಣುವುದಿಲ್ಲ.

ಬಾಗಿಲಲ್ಲಿ ನಡೆಯಬೇಕಾದ್ದು ಇದೊಂದೇ ಅಲ್ಲ. ಮಗುವಿನ ದೀಕ್ಷಾಸ್ನಾನದ ಆರಂಭ ಇಲ್ಲಿ: ಮಗುವಿಗೆ ಏನು ಹೆಸರಿಟ್ಟಿದ್ದೀರಿ ಎಂಬ ಮೊದಲ ಪ್ರಶ್ನೆ, ಹಣೆಯ ಮೇಲೆ ಗುರುಗಳು, ತಾಯಿತಂದೆ, ಜ್ಞಾನಪೋಷಕರು ಎಳೆಯುವ ಶಿಲುಬೆಯ ಗುರುತು. ದೊಡ್ಡವರ ದೀಕ್ಷೆಯ ಹಳೆಯ ಕ್ರಮವನ್ನು 1972ರಲ್ಲಿ ರೋಮ್ ಮತ್ತೆ ಜಾರಿಗೆ ತಂದಾಗ ದೀಕ್ಷಾರ್ಥಿಗಳನ್ನು ಸ್ವೀಕರಿಸುವ ವಿಧಿಯೂ ಬಾಗಿಲಿಗೇ ಮರಳಿತು. ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಹೊಸ ಬೆಂಕಿ ಹೊರಗೆ, ಇಗರ್ಜಿ ಕತ್ತಲಲ್ಲಿ, ದೊಡ್ಡ ಮೇಣದಬತ್ತಿ ಬಾಗಿಲಿಂದ ಒಳಗೆ ಬರುತ್ತದೆ. ಮೊಗಸಾಲೆ ಇಲ್ಲದ ಕಡೆ ಆ ಬತ್ತಿ ಹೊಸ್ತಿಲಲ್ಲೇ ಗಾಳಿಗೆ ಆರುವುದು ಸಾಮಾನ್ಯ. ದೀಪಗಳ ಸ್ವಿಚ್ ಬೋರ್ಡ್ ಪೀಠದ ಹಿಂದಿನ ಕೋಣೆಯಲ್ಲಿದ್ದರೆ, ಬಾಗಿಲಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಅಲ್ಲಿದ್ದವರು ಹೊತ್ತಿಗೆ ಮುಂಚೆ ಎಲ್ಲ ದೀಪ ಹಾಕಿಬಿಡುತ್ತಾರೆ. ಒಂದು ಮುಖ್ಯ ಸ್ವಿಚ್ಚನ್ನು ಮೊಗಸಾಲೆಯ ಒಳಗೋಡೆಗೆ ತಂದರೆ ಈ ಗೊಂದಲ ಮುಗಿಯುತ್ತದೆ.

ಬೆಳಕು, ಸದ್ದು, ಇಳಿಜಾರು

ನಡುಹಗಲ ಅಂಗಳದ ಬೆಳಕು 1,00,000 ಲಕ್ಸ್ ಮುಟ್ಟುತ್ತದೆ. ದಪ್ಪಗೋಡೆಯ ಹಳೆಯ ಇಗರ್ಜಿಯೊಳಗೆ ನೂರೋ ಇನ್ನೂರೋ. ಹೊರಗಿಂದ ನೇರ ಒಳಗೆ ಬಂದವರಿಗೆ ಒಂದು ಕ್ಷಣ ಏನೂ ಕಾಣಿಸದಿರುವುದು ಅದಕ್ಕೇ. ಮೊಗಸಾಲೆಯ ನೆರಳು ಕಣ್ಣಿಗೆ ನಡುವಿನ ಮೆಟ್ಟಿಲು. ಹನ್ನೆರಡು ಅಡಿ ನಡೆಯಲು ನಾಲ್ಕೈದು ಸೆಕೆಂಡು ಸಾಕು, ಕಣ್ಣಿಗೆ ಅದು ಸಾಲದು. ಆದರೆ ಬಾಗಿಲ ಪಕ್ಕದ ತೀರ್ಥದ ಬಟ್ಟಲು ಮನುಷ್ಯನನ್ನು ನಿಲ್ಲಿಸುತ್ತದೆ: ಬೆರಳದ್ದಿ, ಶಿಲುಬೆ ಗುರುತು ಹಾಕಿ, ತಲೆ ಎತ್ತುವಷ್ಟರಲ್ಲಿ ಒಳಗಿನ ಪೀಠ ಕಾಣತೊಡಗುತ್ತದೆ. ಮೊಗಸಾಲೆಯ ಮೇಲೆ ಗಾಯನ ಅಟ್ಟ ಇರುವ ಕಡೆ ಛಾವಣಿ ಒಂಬತ್ತು ಹತ್ತು ಅಡಿಗೆ ತಗ್ಗಿರುತ್ತದೆ, ಅದನ್ನು ದಾಟಿದ ಕೂಡಲೇ ನಡುಮನೆ ಮೂವತ್ತು ಅಡಿಗೆ ಏರುತ್ತದೆ. ಆ ಮೂವತ್ತು ಅಡಿ ಅರವತ್ತರಂತೆ ಅನ್ನಿಸುವುದು ಈ ತಗ್ಗಿನಿಂದ.

ಮೊಗಸಾಲೆಯ ಹೊರಗಡೆಗೂ ಬಾಗಿಲಿರುವಲ್ಲಿ, ಸದ್ದು ತಡೆಯಲು ಬೇಕಾದದ್ದು ಆ ಎರಡು ಬಾಗಿಲ ನಡುವಿನ ದೂರ. ಕ್ಲೋಸರ್ ಹಾಕಿದ ಬಾಗಿಲು ಮುಚ್ಚಲು 4–5 ಸೆಕೆಂಡು. ಅಷ್ಟರಲ್ಲಿ ಮೆಲ್ಲಗೆ ನಡೆಯುವವರು ಹನ್ನೆರಡು ಅಡಿ ಬಂದಿರುತ್ತಾರೆ. ಅಂತರ ಇದಕ್ಕಿಂತ ಕಡಿಮೆಯಾದರೆ ಎರಡೂ ಬಾಗಿಲು ಒಟ್ಟಿಗೆ ತೆರೆದಿರುತ್ತವೆ, ರಸ್ತೆಯ ಹಾರ್ನ್ ನೇರ ಪ್ರಬೋಧನೆಯೊಳಗೆ ಬರುತ್ತದೆ. ಇನ್ನು ಮೊಗಸಾಲೆಯ ನೆಲ, ಗೋಡೆ, ಛಾವಣಿ ಮೂರೂ ನುಣುಪಾದ ಟೈಲ್ಸ್ ಆದರೆ ಹತ್ತು ಜನರ ಪಿಸುಮಾತು ಸಂತೆಯಾಗುತ್ತದೆ. ಛಾವಣಿಗೆ ಸಂದು ಬಿಟ್ಟ ಮರದ ಹಲಗೆ ಹೊಡೆದು ಹಿಂದೆ ತೆಂಗಿನನಾರಿನ ಹಾಸು ಇಟ್ಟರೆ ಬಹಳ ತಗ್ಗುತ್ತದೆ.

ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇಳಿಜಾರಿನ ವಿಷಯ. ಮೂರು ಮೆಟ್ಟಿಲು, ತಲಾ 150 ಮಿ.ಮೀ., ಒಟ್ಟು 450. 12ಕ್ಕೆ 1ರಂತೆ ಗಾಲಿಕುರ್ಚಿಯ ಇಳಿಜಾರಿಗೆ 5.4 ಮೀಟರ್ ಉದ್ದ ಬೇಕು, ಅಗಲ ಕನಿಷ್ಠ 1.2 ಮೀಟರ್, ತಿರುವಿನಲ್ಲಿ ಒಂದೂವರೆ ಮೀಟರಿನ ಸಮತಟ್ಟು. ಮುಂದುಗಡೆ ಇದು ಚೆಂದ ಕೆಡಿಸುತ್ತದೆ ಎಂದು ಹಿಂದಿನ ಬಾಗಿಲಿಗೆ, ಗುರುಗಳು ಉಡುಪು ಧರಿಸುವ ಕೋಣೆಯ ಪಕ್ಕಕ್ಕೆ ಹಾಕುತ್ತಾರೆ. ಅರವತ್ತು ವರ್ಷ ಮುಂಬಾಗಿಲಲ್ಲಿ ತೀರ್ಥ ಮುಟ್ಟಿ ಒಳಗೆ ಬಂದವರು ಮಂಡಿ ಕೆಟ್ಟ ದಿನದಿಂದ ಹಿಂಬಾಗಿಲಿನವರಾಗುತ್ತಾರೆ. ಡರ್ಹಾಮ್‌ನ ಕಪ್ಪುಗೆರೆ ನನಗೆ ಇಲ್ಲಿ ಮತ್ತೆ ಕಾಣುತ್ತದೆ. ಮುಂಬಾಗಿಲ ಬದಿಯಲ್ಲೇ, ಮೊಗಸಾಲೆಯ ಪಕ್ಕದ ಕಮಾನಿಗೆ ಏರುವಂತೆ ಗೋಡೆಗುಂಟ ಇಳಿಜಾರು ತಂದರೆ ಮುಖ ಕೆಡುವುದಿಲ್ಲ. ಅಲ್ಲಿ ಹೊಸ್ತಿಲು 12 ಮಿ.ಮೀ.ಗಿಂತ ಎತ್ತರ ಇರಕೂಡದು, ಗಾಲಿ ಸಿಕ್ಕಿಕೊಳ್ಳುತ್ತದೆ.

ಕೊನೆಗೆ ಒಂದು ಜಗಲಿಕಟ್ಟೆ. ಮೊಗಸಾಲೆಯ ಒಳಗೋಡೆಗುಂಟ 450 ಮಿ.ಮೀ. ಎತ್ತರ, 400 ಆಳ, ಅಂಚು ಉರುಟು ಮಾಡಿದ ಕಲ್ಲಿನದು. ಹಳೆಯ ಇಗರ್ಜಿಗಳಲ್ಲಿ ಇದ್ದದ್ದನ್ನು ಚಪ್ಪಲಿ ಸ್ಟ್ಯಾಂಡಿಗೆ, ನೋಟೀಸ್ ಬೋರ್ಡಿಗೆ ಜಾಗ ಬೇಕೆಂದು ಕಿತ್ತುಹಾಕಿದ್ದಾರೆ. ಅದರ ಮೇಲೆ ಕೂರುವವರು ಯಾರೆಂದು ಯಾವ ಭಾನುವಾರ ಬೇಕಾದರೂ ನೋಡಬಹುದು. ಅಳುವ ಮಗುವನ್ನು ಎತ್ತಿಕೊಂಡು ಹೊರಬಂದ ತಾಯಿ. ಉಸಿರು ಸಿಗದ ಅಜ್ಜ. ಮದುವೆಗೆ ಬಂದು ಒಳಗೆ ಹೋಗಬಹುದೋ ಬಾರದೋ ಎಂದು ಅಳುಕುವ ಬೇರೆ ಧರ್ಮದ ಗೆಳತಿ. ತಡವಾಗಿ ಬಂದ ಹುಡುಗ. ಬಹಳ ವರ್ಷದ ಮೇಲೆ ಬಂದು, ವಾಚನ ಕೇಳಿಸುವಷ್ಟು ಹತ್ತಿರದಲ್ಲಿ ಕೂತು, ಪರಮಪ್ರಸಾದದ ಹೊತ್ತಿಗೆ ಎದ್ದುಹೋಗುವ ಒಬ್ಬ ಮನುಷ್ಯ.